ಶಾಂತವಾಗುವುದಲ್ಲ, ಹೆದರದಿರುವುದು: ಪ್ಯಾನಿಕ್ ಅಟ್ಯಾಕ್‌ಗೆ ಮಾತ್ರೆಯಾಚೆಗಿನ ಚಿಕಿತ್ಸೆಯ ಒಂದು ಪ್ರಕರಣ ಅಧ್ಯಯನ

ಪ್ಯಾನಿಕ್ ಅಟ್ಯಾಕ್‌ಗೆ ಮಾತ್ರೆ ಬಿಟ್ಟು ಬೇರೆ ದಾರಿ ಹುಡುಕಿಕೊಂಡು ಬರುವವರು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: ‘ಆ ಹೊತ್ತಿನಲ್ಲಿ ಶಾಂತವಾಗಿರುವುದು ಹೇಗೆ?’ ಈ ಪ್ರಕರಣವನ್ನು ಇಷ್ಟು ಉದ್ದಕ್ಕೆ ಬರೆಯಲು ಆ ಪ್ರಶ್ನೆಯೇ ಕಾರಣ. ಇಲ್ಲಿ ಶಾಂತವಾಗಲು ಕಲಿತ ಉಪಾಯವೇ ನಡುವಿನಲ್ಲಿ ಚಿಕಿತ್ಸೆಗೆ ಅಡ್ಡ ನಿಂತಿತು. ಅದನ್ನು ಪತ್ತೆಹಚ್ಚಿ ತೆಗೆದ ಮೇಲೆಯೇ ಮುಂದಿನ ಹೆಜ್ಜೆ ಸಾಧ್ಯವಾಯಿತು.

ಇದು ಒಬ್ಬ ವ್ಯಕ್ತಿಯ ಕಡತವಲ್ಲ. ಇಂಥ ತೊಂದರೆಯವರಲ್ಲಿ ಪದೇಪದೇ ಕಾಣುವ ಸಂಗತಿಗಳನ್ನು ಒಂದೆಡೆ ಸೇರಿಸಿ ಕಟ್ಟಿದ ಮಾದರಿ ಪ್ರಕರಣ. ಚಿಕಿತ್ಸೆಯ ಕ್ರಮ, ಅಭ್ಯಾಸದ ಅವಧಿ, ಎದುರಾದ ತೊಡಕು ಎಲ್ಲವೂ ಈ ಕೆಲಸದಲ್ಲಿರುವವರಿಗೆ ದಿನವೂ ಪರಿಚಯವಿರುವಂಥವು.

ಬಂದಾಗಿನ ಸ್ಥಿತಿ

34 ವರ್ಷದ ಶಾಲಾ ಶಿಕ್ಷಕಿ. ಮೊದಲ ಅಟ್ಯಾಕ್ ಬಂದದ್ದು ರಾತ್ರಿ 11ರ ಹೊತ್ತಿಗೆ, ಮನೆಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಾಗ. ಒಂದು ವಾರದಿಂದ ನಿದ್ದೆ ಸರಿಯಿರಲಿಲ್ಲ, ದಿನಕ್ಕೆ ಆರು ಕಪ್ ಕಾಫಿ ಆಗುತ್ತಿತ್ತು. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳತೊಡಗಿ, ಉಸಿರು ಸಾಲದೆ, ಬೆರಳತುದಿ ಮತ್ತು ತುಟಿಯ ಸುತ್ತ ಜುಮುಜುಮು ಶುರುವಾಯಿತು. ಕೋಣೆ ದೂರ ಸರಿದಂತೆ, ತನ್ನ ಕೈ ತನ್ನದಲ್ಲವೆಂಬಂತೆ ಅನಿಸಿತು. ‘ಹೃದಯ ನಿಂತೇ ಹೋಗುತ್ತೆ ಅಂದುಕೊಂಡೆ’ ಎಂದರು. ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋದರೆ ಇಸಿಜಿ ಸರಿಯಿತ್ತು, ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೋಪೋನಿನ್ ಸರಿಯಿತ್ತು. ‘ಏನೂ ಇಲ್ಲ, ಟೆನ್ಷನ್ ಅಷ್ಟೇ’ ಎಂದು ಮನೆಗೆ ಕಳಿಸಿದರು.

‘ಏನೂ ಇಲ್ಲ’ ಎಂಬ ಮಾತು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ, ಆದರೆ ರೋಗಿಗೆ ಅದು ಉತ್ತರವಾಗುವುದಿಲ್ಲ. ಏನೋ ಆದದ್ದಂತೂ ನಿಜ. ಏನಾಯಿತು ಎಂಬುದಕ್ಕೆ ವಿವರಣೆ ಸಿಗದಿದ್ದರೆ ಮನಸ್ಸು ತನ್ನದೇ ವಿವರಣೆ ಕಟ್ಟಿಕೊಳ್ಳುತ್ತದೆ: ಪರೀಕ್ಷೆಯಲ್ಲಿ ಸಿಗದ ಕಾಯಿಲೆ ಏನೋ ಇದೆ.

ಮುಂದಿನ ನಾಲ್ಕು ತಿಂಗಳಲ್ಲಿ 11 ಅಟ್ಯಾಕ್, ಇನ್ನೆರಡು ಸಲ ತುರ್ತು ವಿಭಾಗ. ಲಿಫ್ಟ್ ಬಿಟ್ಟರು, ಬಸ್ಸು ಬಿಟ್ಟರು. ಮೂರನೇ ಮಹಡಿಯ ತರಗತಿಯನ್ನು ಬೇರೆಯವರಿಗೆ ವಹಿಸಿದರು. ಮೆಟ್ಟಿಲು ಹತ್ತಿದರೆ ಎದೆಬಡಿತ ಏರುತ್ತದೆ, ಏರಿದ ಎದೆಬಡಿತವೇ ಅಟ್ಯಾಕ್‌ನ ಆರಂಭದಂತೆ ಕಾಣುತ್ತಿತ್ತು. ಚೀಲದಲ್ಲಿ ಸದಾ ನೀರಿನ ಬಾಟಲಿ, ಬೆರಳಿಗೆ ಹಾಕುವ ಆಕ್ಸಿಮೀಟರ್, ಗಾಬರಿಯನ್ನು ಬೇಗ ತಗ್ಗಿಸುವ ಆಲ್ಪ್ರಜೋಲಾಂ ಮಾತ್ರೆಯ, ಒಮ್ಮೆಯೂ ನುಂಗದ ಸ್ಟ್ರಿಪ್. ಎಡಗೈಯಲ್ಲಿ ಎದೆಬಡಿತ ತೋರಿಸುವ ಸ್ಮಾರ್ಟ್‌ವಾಚ್. ಒಂದು ದಿನ ಎಣಿಸಿ ಬನ್ನಿ ಎಂದಾಗ ಅವರು ಬರೆದುಕೊಂಡು ಬಂದದ್ದು 64. ಅಂದರೆ ಎಚ್ಚರವಿದ್ದ ಹೊತ್ತಿನಲ್ಲಿ ಸರಾಸರಿ ಕಾಲು ಗಂಟೆಗೊಮ್ಮೆ ಗಡಿಯಾರ ನೋಡಿದ್ದರು.

ಔಷಧಿ ಬೇಡವೆನ್ನಲು ಕಾರಣವಿತ್ತು. ಖಿನ್ನತೆಗೂ ಗಾಬರಿಗೂ ದಿನವೂ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಯೊಂದನ್ನು ಒಂಬತ್ತು ದಿನ ತೆಗೆದುಕೊಂಡಿದ್ದರು. ಮೊದಲ ವಾರದಲ್ಲೇ ಒಳಗೊಳಗೆ ನಡುಕ, ಚಡಪಡಿಕೆ ಹೆಚ್ಚಾಗಿ ಬಿಟ್ಟುಬಿಟ್ಟರು. ಈ ಗುಂಪಿನ ಔಷಧಿಗಳಲ್ಲಿ ಆರಂಭದ ಚಡಪಡಿಕೆ ಗೊತ್ತಿರುವ ಸಂಗತಿ. ಅದಕ್ಕೇ ಪ್ಯಾನಿಕ್ ಇರುವವರಿಗೆ ಕಡಿಮೆ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ಪರಿಣಾಮ ಕಾಣಲು ಕೆಲವು ವಾರ ಬೇಕು ಎಂಬುದನ್ನೂ ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮೈಯ ಪ್ರತಿ ಕದಲಿಕೆಗೂ ಬೆಚ್ಚುವವರಿಗೆ ಈ ಮಾತು ಮೊದಲೇ ಹೇಳದಿದ್ದರೆ ಔಷಧಿ ಸೋಲುವುದು ಬಹುಪಾಲು ಅಲ್ಲೇ.

ಮೊದಲು ಮೈಯ ಪರೀಕ್ಷೆ

ಮನಸ್ಸಿನದು ಎಂದು ತೀರ್ಮಾನಿಸುವ ಮುನ್ನ ಮೈಯದಲ್ಲ ಎಂದು ಖಚಿತವಾಗಬೇಕು, ಆದರೆ ಪರೀಕ್ಷೆಗೊಂದು ಕೊನೆಯೂ ಇರಬೇಕು. ಈ ಪ್ರಕರಣದಲ್ಲಿ ರಕ್ತದೊತ್ತಡ, ಹಿಮೋಗ್ಲೋಬಿನ್, ರಕ್ತದ ಸಕ್ಕರೆ, ಥೈರಾಯ್ಡ್‌ಗೆ ಟಿಎಸ್‌ಎಚ್, ಇಸಿಜಿ ಇಷ್ಟನ್ನು ನೋಡಲಾಯಿತು. ಆಸ್ತಮಾ ಪಂಪ್, ಶೀತದ ಮಾತ್ರೆ, ಮದ್ಯಪಾನ ಇದೆಯೇ ಎಂದೂ ಕೇಳಲಾಯಿತು, ಯಾಕೆಂದರೆ ಎದೆಬಡಿತ ಏರಿಸುವ ಔಷಧಿಗಳಿವೆ, ಕುಡಿತ ಬಿಟ್ಟ ದಿನಗಳಲ್ಲೂ ಇದೇ ಬಗೆಯ ಗಾಬರಿ ಬರುತ್ತದೆ. ಎದೆಬಡಿತವೇ ಮುಖ್ಯ ದೂರಾದ್ದರಿಂದ ಎದೆಬಡಿತವನ್ನು 24 ಗಂಟೆ ಸತತ ದಾಖಲಿಸುವ ಹೋಲ್ಟರ್ ಎಂಬ ಚಿಕ್ಕ ಯಂತ್ರ ಕಟ್ಟಲಾಯಿತು.

ಅದೃಷ್ಟವಶಾತ್ ಹೋಲ್ಟರ್ ಮೈಮೇಲಿದ್ದಾಗಲೇ ಒಂದು ಅಟ್ಯಾಕ್ ಬಂತು. ದಾಖಲಾದ ಗತಿ ನಿಮಿಷಕ್ಕೆ 124. ಲಯ ಸಹಜ, ಮೆಟ್ಟಿಲುಮೆಟ್ಟಿಲಾಗಿ ಏರಿ ಹಾಗೆಯೇ ಇಳಿದಿತ್ತು. ಹೃದಯದ ವಿದ್ಯುತ್ ದಾರಿಯಲ್ಲೇ ದೋಷವಿದ್ದು ಬರುವ ವೇಗದ ಬಡಿತ ಹೀಗಿರುವುದಿಲ್ಲ. ಅದು ಸಾಮಾನ್ಯವಾಗಿ ಸ್ವಿಚ್ ಒತ್ತಿದಂತೆ ಶುರುವಾಗಿ ಹಾಗೆಯೇ ನಿಲ್ಲುತ್ತದೆ, ಗತಿ ಅನೇಕ ಸಲ 150 ದಾಟಿರುತ್ತದೆ. ಆ ಗ್ರಾಫನ್ನು ಶಿಕ್ಷಕಿಯ ಮುಂದೆ ಬಿಚ್ಚಿಟ್ಟು ಎರಡರ ವ್ಯತ್ಯಾಸ ತೋರಿಸಿದ್ದು ‘ಎಲ್ಲ ನಾರ್ಮಲ್’ ಎಂಬ ಒಂದು ಸಾಲಿನ ವರದಿಗಿಂತ ಹೆಚ್ಚು ಕೆಲಸ ಮಾಡಿತು. ಅಲ್ಲಿಗೆ ಪರೀಕ್ಷೆ ಮುಗಿಯಿತು. ಹೊಸ ಲಕ್ಷಣ ಬಂದರೆ ಹೊರತು ಮತ್ತೆ ಇಸಿಜಿ ಇಲ್ಲ ಎಂದು ವೈದ್ಯರೂ ಅವರೂ ಒಪ್ಪಿಕೊಂಡರು.

ಹೊಸ ಲಕ್ಷಣವೆಂದರೆ ಯಾವುದು ಎಂಬುದನ್ನೂ ಬರೆದುಕೊಟ್ಟಿದ್ದಾಯಿತು: ಶ್ರಮದ ಕೆಲಸದಲ್ಲಿ ಬಂದು ವಿಶ್ರಾಂತಿಯಲ್ಲಿ ಹೋಗುವ ಎದೆ ಬಿಗಿತ, ತೋಳಿಗೆ ಅಥವಾ ದವಡೆಗೆ ಹರಡುವ ನೋವು, ನಿಜವಾಗಿ ಪ್ರಜ್ಞೆ ತಪ್ಪುವುದು, ಒಂದು ಬದಿಯ ಕೈಕಾಲು ಸೋಲುವುದು. ಇವು ಬಂದರೆ ಪ್ಯಾನಿಕ್ ಎಂದು ಊಹಿಸಿಕೊಂಡು ಕೂರದೆ ಆಸ್ಪತ್ರೆಗೆ ಹೋಗಬೇಕು. ಜೀವನದಲ್ಲಿ ಮೊದಲ ಸಲ ಎದೆನೋವು ಬಂದವರಿಗೂ ಇದೇ ಮಾತು.

ತೀವ್ರತೆ ಅಳೆಯಲು ಬಳಸಿದ್ದು ಪ್ಯಾನಿಕ್ ಡಿಸಾರ್ಡರ್ ಸಿವಿಯಾರಿಟಿ ಸ್ಕೇಲ್. ಏಳು ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 4, ಒಟ್ಟು 28. ಅವರ ಅಂಕ 17. ಖಿನ್ನತೆ ಇದೆಯೇ, ಬದುಕು ಸಾಕೆಂಬ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಲಾಯಿತು. ಬೇಸರವಿತ್ತು, ಸಾಯುವ ಯೋಚನೆ ಇರಲಿಲ್ಲ. ಇದ್ದಿದ್ದರೆ ದಾರಿ ಬೇರೆಯಾಗುತ್ತಿತ್ತು.

ಸುತ್ತು ಹೇಗೆ ತಿರುಗುತ್ತದೆ

1986ರಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಮುಂದಿಟ್ಟ ವಿವರಣೆ ಇಂದಿಗೂ ಈ ಚಿಕಿತ್ಸೆಯ ಬೆನ್ನೆಲುಬು: ಮೈಯಲ್ಲಿ ಏಳುವ ಸಾಮಾನ್ಯ ಅನುಭವವೊಂದನ್ನು ಮನಸ್ಸು ಮಹಾ ಅಪಾಯವೆಂದು ಓದಿಕೊಳ್ಳುತ್ತದೆ. ಆ ಓದೇ ಭಯ, ಭಯದಿಂದ ಅಡ್ರಿನಲಿನ್, ಅದರಿಂದ ಇನ್ನಷ್ಟು ಎದೆಬಡಿತ, ಇನ್ನಷ್ಟು ಭಯ.

ಇದನ್ನು ಹಾಳೆಯಲ್ಲಿ ಬರೆಯುವಾಗ ಪುಸ್ತಕದ ಉದಾಹರಣೆ ಬಳಸಬಾರದು. ಹಿಂದಿನ ವಾರದ ಅವರದೇ ಅಟ್ಯಾಕನ್ನು ತೆಗೆದುಕೊಳ್ಳಲಾಯಿತು. ಮೆಟ್ಟಿಲು ಹತ್ತಿದರು. ವಾಚಿನಲ್ಲಿ 118. ‘ಇಷ್ಟು ಹೊತ್ತಿಗೆ ಇಳಿಯಬೇಕಿತ್ತಲ್ಲ.’ ಇನ್ನೊಮ್ಮೆ ನೋಡಿದರು, 122. ಗೋಡೆಗೆ ಒರಗಿದರು, ಬಾಯಿಂದ ಜೋರಾಗಿ ಉಸಿರೆಳೆದರು. ಬೆರಳು ಜುಮ್ಮೆಂದಿತು. ‘ಸ್ಟ್ರೋಕ್.’ ಅಲ್ಲಿಂದ ಎರಡು ನಿಮಿಷದಲ್ಲಿ ಭಯ ತುದಿಮುಟ್ಟಿತು.

ಆ ಜುಮುಜುಮು ಎಲ್ಲಿಂದ ಬಂತು ಎಂಬುದು ಗೊತ್ತಾದರೆ ಅರ್ಧ ಭಯ ಕರಗುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡಿದಾಗ ಆಮ್ಲಜನಕ ಕಡಿಮೆಯಾಗುವುದಿಲ್ಲ, ಕಡಿಮೆಯಾಗುವುದು ಇಂಗಾಲದ ಡೈಆಕ್ಸೈಡ್. ಅದು ಇಳಿದಾಗ ಮಿದುಳಿನ ರಕ್ತನಾಳಗಳು ತುಸು ಕಿರಿದಾಗುತ್ತವೆ, ತಲೆ ಹಗುರವಾದಂತೆ, ಸುತ್ತಲಿನದೆಲ್ಲ ಕನಸಿನಂತೆ ಅನಿಸುತ್ತದೆ. ರಕ್ತ ಸ್ವಲ್ಪ ಕ್ಷಾರೀಯವಾಗಿ ಕ್ಯಾಲ್ಸಿಯಂನ ಸಮತೋಲ ಬದಲಾಗುವುದರಿಂದ ನರಗಳು ಚುರುಕಾಗಿ ತುಟಿ, ಬೆರಳು ಜುಮ್ಮೆನ್ನುತ್ತವೆ. ಕೆಲವರಿಗೆ ಕೈಬೆರಳು ಸೆಟೆದುಕೊಳ್ಳುವುದೂ ಇದರಿಂದಲೇ. ಆಕ್ಸಿಮೀಟರ್ ಆಗ 98 ಅಥವಾ 99 ತೋರಿಸುತ್ತಿರುತ್ತದೆ. ‘ಉಸಿರು ಸಾಲದು’ ಎಂಬ ಅನುಭವ ಬರುವುದು ಹೆಚ್ಚು ಉಸಿರಾಡುತ್ತಿರುವ ಹೊತ್ತಿನಲ್ಲೇ.

ತಲೆತಿರುಗಿ ಬೀಳುವ ಭಯವೂ ಅವರಿಗೆ ದೊಡ್ಡದು. ಪ್ರಜ್ಞೆ ತಪ್ಪಲು ಸಾಮಾನ್ಯವಾಗಿ ರಕ್ತದೊತ್ತಡ ಕುಸಿಯಬೇಕು, ಪ್ಯಾನಿಕ್‌ನಲ್ಲಿ ಅದು ಏರುತ್ತದೆ. ರಕ್ತ, ಗಾಯ, ಸೂಜಿ ಕಂಡು ಬೀಳುವವರ ಮೈ ಬೇರೆ ರೀತಿ ವರ್ತಿಸುತ್ತದೆ, ಆದ್ದರಿಂದ ಅಂಥ ಇತಿಹಾಸ ಇದೆಯೇ ಎಂದು ಕೇಳಿಯೇ ಈ ಮಾತು ಹೇಳಬೇಕು. ಇವರಿಗೆ ಇರಲಿಲ್ಲ. 11 ಅಟ್ಯಾಕ್‌ಗಳಲ್ಲಿ ಎಷ್ಟು ಸಲ ಬಿದ್ದಿರಿ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಒಂದು ಸಲವೂ ಇಲ್ಲ’ ಎಂದರು. ಆಮೇಲೆ, ‘ಆದ್ರೆ ಪ್ರತಿ ಸಲ ಎಲ್ಲಾದ್ರೂ ಕೂತ್ಕೊಂಡಿದ್ದೆ, ಅದಕ್ಕೇ ಬೀಳಲಿಲ್ಲ.’

ಈ ಎರಡನೇ ವಾಕ್ಯವೇ ಕಾಯಿಲೆಯ ಕೀಲಿ. ಕೂತದ್ದರಿಂದ ಉಳಿದೆ, ನೀರು ಕುಡಿದದ್ದರಿಂದ ಉಳಿದೆ, ಮಾತ್ರೆ ಚೀಲದಲ್ಲಿದ್ದದ್ದರಿಂದ ಉಳಿದೆ. ಪ್ರತಿ ಅಟ್ಯಾಕ್ ‘ಇದು ಅಪಾಯವಲ್ಲ’ ಎಂದು ಕಲಿಸಬೇಕಾದ ಪಾಠವನ್ನು ಈ ಊರುಗೋಲುಗಳು ಕಸಿದುಕೊಳ್ಳುತ್ತವೆ. ನೂರು ಅಟ್ಯಾಕ್ ಬಂದರೂ ಭಯ ತಾನಾಗಿ ಕಡಿಮೆಯಾಗದಿರುವುದು ಇದೇ ಕಾರಣಕ್ಕೆ.

ಯೋಜನೆ

ವಾರಕ್ಕೊಂದರಂತೆ ಒಂದು ಗಂಟೆಯ 12 ಭೇಟಿ. ಬ್ರಿಟನ್‌ನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸುವ ಸಂಸ್ಥೆಯಾದ ನೈಸ್, ಪ್ಯಾನಿಕ್‌ಗೆ ಒಟ್ಟು 7ರಿಂದ 14 ಗಂಟೆಗಳ ಸಿಬಿಟಿ, ಅಂದರೆ ಚಿಂತನೆ ಮತ್ತು ವರ್ತನೆಯ ಚಿಕಿತ್ಸೆ, ನಾಲ್ಕು ತಿಂಗಳೊಳಗೆ ಮುಗಿಯಲಿ ಎನ್ನುತ್ತದೆ. ಅದರೊಳಗೇ ಇದು ಬರುತ್ತದೆ. ಭೇಟಿಯ ಒಂದು ಗಂಟೆಗಿಂತ ಮನೆಯಲ್ಲಿ ಮಾಡುವ ದಿನದ ಅರ್ಧ ಗಂಟೆ ಮುಖ್ಯ ಎಂದು ಮೊದಲ ದಿನವೇ ಹೇಳಲಾಯಿತು.

ಔಷಧಿ ಕೀಳು, ಮಾತುಚಿಕಿತ್ಸೆ ಮೇಲು ಎಂಬ ವಾದ ಇಲ್ಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಬಾರ್ಲೋ ಮತ್ತು ಸಂಗಡಿಗರು 312 ಮಂದಿಯ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಬಿಟಿಯೂ ಇಮಿಪ್ರಮಿನ್ ಎಂಬ ಔಷಧಿಯೂ ಎರಡೂ ಸುಳ್ಳುಮಾತ್ರೆಗಿಂತ (ಹೋಲಿಕೆಗಾಗಿ ಕೊಡುವ, ಔಷಧಿಯಿಲ್ಲದ ಮಾತ್ರೆ) ಮೇಲೆಂದು ಕಂಡವು. ವ್ಯತ್ಯಾಸ ಕಂಡದ್ದು ಎಲ್ಲ ನಿಲ್ಲಿಸಿ ಆರು ತಿಂಗಳಾದ ಮೇಲೆ. ಔಷಧಿಯಿಲ್ಲದೆ ಸಿಬಿಟಿ ಪಡೆದವರಲ್ಲಿ ಗುಣ ಹೆಚ್ಚು ಉಳಿದಿತ್ತು. ಆದ್ದರಿಂದ ಒಪ್ಪಂದ ಹೀಗಾಯಿತು: ಆರನೇ ವಾರಕ್ಕೂ ಅಂಕ ಇಳಿಯದಿದ್ದರೆ, ಖಿನ್ನತೆ ಗಾಢವಾದರೆ, ಅಥವಾ ಕೆಲಸಕ್ಕೆ ಹೋಗುವುದೇ ನಿಂತರೆ ಮನೋವೈದ್ಯರೊಂದಿಗೆ ಔಷಧಿಯ ಮಾತು ಮತ್ತೆ ತೆರೆಯುವುದು, ಈ ಸಲ ಕಡಿಮೆ ಪ್ರಮಾಣದಿಂದ. ಈಗಾಗಲೇ ದಿನವೂ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ನಿಲ್ಲಿಸಬಾರದು. ಅದರಲ್ಲೂ ಆಲ್ಪ್ರಜೋಲಾಂ, ಕ್ಲೋನಾಜಿಪಾಂ ಗುಂಪಿನವನ್ನು ಏಕಾಏಕಿ ಬಿಟ್ಟರೆ ಫಿಟ್ಸ್ ಬರುವಷ್ಟು ಅಪಾಯವಿದೆ. ಇಳಿಸುವುದಿದ್ದರೆ ವೈದ್ಯರ ಲೆಕ್ಕದಲ್ಲಿ, ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ.

ಮೊದಲ ಎರಡು ವಾರ ದಿನಚರಿ ಮತ್ತು ವಿವರಣೆ. ಪ್ರತಿ ಅಟ್ಯಾಕ್‌ಗೆ ಒಂದು ಸಾಲು: ಎಷ್ಟು ಹೊತ್ತಿಗೆ, ಎಲ್ಲಿ, ಮೊದಲು ಗಮನಕ್ಕೆ ಬಂದ ಮೈಯ ಅನುಭವ, ಆ ಕ್ಷಣದ ಯೋಚನೆ, ಭಯ 0ಯಿಂದ 100ರಲ್ಲಿ ಎಷ್ಟು, ಏನು ಮಾಡಿದಿರಿ. ಆದ ಅರ್ಧ ಗಂಟೆಯೊಳಗೆ ಬರೆಯಬೇಕು, ರಾತ್ರಿ ನೆನಪಿಸಿಕೊಂಡು ಬರೆದರೆ ಎಲ್ಲವೂ ‘ತುಂಬಾ ಕೆಟ್ಟದಾಗಿತ್ತು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಜೊತೆಗೆ ಕಾಫಿಯನ್ನು ಎರಡು ವಾರದಲ್ಲಿ ಆರು ಕಪ್‌ನಿಂದ ಎರಡಕ್ಕೆ ಇಳಿಸಲಾಯಿತು. ಒಮ್ಮೆಲೇ ನಿಲ್ಲಿಸಿದರೆ ತಲೆನೋವು, ಮಂಕು ಬಂದು ಅದೇ ಹೊಸ ಭಯವಾಗುತ್ತದೆ.

ಉಸಿರಿನ ಅಭ್ಯಾಸ, ಮತ್ತು ಅದು ದಾರಿ ತಪ್ಪಿದ ಬಗೆ

ಮೂರನೇ ವಾರ ನಿಧಾನದ ಉಸಿರು ಕಲಿಸಲಾಯಿತು. ಮೂಗಿನಿಂದ 4 ಸೆಕೆಂಡ್ ಒಳಗೆ, 6 ಸೆಕೆಂಡ್ ಹೊರಗೆ, ನಿಮಿಷಕ್ಕೆ ಆರು ಉಸಿರು. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ, ಗಾಬರಿ ಇಲ್ಲದ ಹೊತ್ತಿನಲ್ಲಿ. ಹೊಟ್ಟೆಯ ಮೇಲಿಟ್ಟ ಕೈ ಏಳಬೇಕು, ಎದೆಯ ಮೇಲಿನದು ಹೆಚ್ಚು ಕದಲಬಾರದು.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ‘ಆಳವಾಗಿ ಉಸಿರೆಳೆದುಕೊಳ್ಳಿ’ ಎನ್ನುತ್ತಾರೆ. ನಿಧಾನವಾಗಿದ್ದರೂ ಎದೆ ತುಂಬ ಎಳೆದರೆ ಇಂಗಾಲದ ಡೈಆಕ್ಸೈಡ್ ಮತ್ತೂ ಇಳಿದು ತಲೆ ಸುತ್ತುವುದು ಹೆಚ್ಚುತ್ತದೆ. ಬೇಕಾದದ್ದು ನಿಧಾನದ, ಚಿಕ್ಕ ಉಸಿರು. ಮೊದಲ ನಾಲ್ಕೈದು ದಿನ ‘ಗಾಳಿ ಸಾಲುತ್ತಿಲ್ಲ’ ಎಂಬ ಹಸಿವು ಕಾಡುತ್ತದೆ, ಆಗ ನಡುವೆ ಒಂದು ದೊಡ್ಡ ಉಸಿರು ಕದಿಯದೆ ತಡೆದುಕೊಳ್ಳುವುದೇ ಅಭ್ಯಾಸ. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಸಲಹೆಯನ್ನು ಪೂರ್ತಿ ಬಿಡಬೇಕು. ತೊಂದರೆ ನಿಜವಾಗಿ ಹೃದಯದ್ದೋ ಆಸ್ತಮಾದ್ದೋ ಆಗಿದ್ದರೆ ಆ ಚೀಲ ಆಮ್ಲಜನಕ ಕಡಿಮೆ ಮಾಡಿ ಪ್ರಾಣಕ್ಕೇ ಎರವಾಗಬಹುದು.

ನಾಲ್ಕನೇ ವಾರಕ್ಕೆ ಅಂಕ 17ರಿಂದ 13ಕ್ಕೆ ಇಳಿಯಿತು. ಎಲ್ಲರಿಗೂ ಸಂತೋಷ. ಐದನೇ ವಾರ 14. ಅಟ್ಯಾಕ್ ಕಡಿಮೆಯಾಗಿದ್ದವು, ಆದರೆ ಲಿಫ್ಟ್ ಇಲ್ಲ, ಬಸ್ಸಿಲ್ಲ, ಮೂರನೇ ಮಹಡಿಯಿಲ್ಲ. ದಿನಚರಿಯ ಕೊನೆಯ ಅಂಕಣ ಓದಿದಾಗ ಕಾರಣ ಕಂಡಿತು. ಪ್ರತಿ ಸಾಲಿನಲ್ಲೂ ಒಂದೇ ಮಾತು: ‘ಉಸಿರಾಟ ಮಾಡಿದೆ, ಬಚಾವಾದೆ.’ ಒಂದು ದಿನ ನೆಗಡಿಯಿಂದ ಮೂಗು ಕಟ್ಟಿದ್ದಾಗ ‘ಇವತ್ತು ಉಸಿರಾಟ ಮಾಡೋಕಾಗಲ್ಲ’ ಎಂದು ರಜೆ ಹಾಕಿದ್ದರು.

ನೀರಿನ ಬಾಟಲಿಯ ಜಾಗಕ್ಕೆ ಉಸಿರಿನ ಅಭ್ಯಾಸ ಬಂದು ಕೂತಿತ್ತು. ಉಸಿರಾಟದಲ್ಲಿ ತಪ್ಪಿಲ್ಲ, ಅದನ್ನು ಯಾತಕ್ಕೆ ಬಳಸುತ್ತೇವೆ ಎಂಬುದರಲ್ಲಿದೆ. ದಿನದ ಒಟ್ಟು ಉದ್ವೇಗ ಇಳಿಸಲು ಬೆಳಿಗ್ಗೆ ಸಂಜೆ ಮಾಡಿದರೆ ಒಳ್ಳೆಯದು. ಎದೆ ಬಡಿದ ಕೂಡಲೇ ಅದನ್ನು ಅಡಗಿಸಲು ಮಾಡಿದರೆ, ಎದೆಬಡಿತ ಅಡಗಿಸಲೇಬೇಕಾದ ಅಪಾಯ ಎಂದು ಮಿದುಳಿಗೆ ಮತ್ತೊಮ್ಮೆ ಹೇಳಿಕೊಟ್ಟಂತೆ. ಯೋಗ, ಧ್ಯಾನ, ತಂಪು ನೀರು ಮುಖಕ್ಕೆ ಎರಚುವುದು, ಕಣ್ಣಿಗೆ ಕಾಣುವ ಐದು ವಸ್ತು ಎಣಿಸುವುದು, ಎಲ್ಲಕ್ಕೂ ಈ ಮಾತು ಅನ್ವಯ. ಧ್ಯಾನ ಇವರಿಗೆ ಮೊದಲೇ ಕೈಕೊಟ್ಟಿತ್ತು. ಕಣ್ಣು ಮುಚ್ಚಿ ಉಸಿರು ಗಮನಿಸಲು ಕೂತರೆ ಎದೆಬಡಿತವೇ ಕೇಳಿಸಿ ಗಾಬರಿಯಾಗುತ್ತಿತ್ತು. ಇದು ಅಪರೂಪವಲ್ಲ, ಅದನ್ನು ತಮ್ಮ ಸೋಲೆಂದು ಭಾವಿಸಿ ಕುಗ್ಗಬೇಕಿಲ್ಲ. ಭಯ ಕಳೆದ ಮೇಲೆ ಬೇಕಿದ್ದರೆ ಮತ್ತೆ ಕೂರಬಹುದು.

ಬೇಕೆಂದೇ ಬರಿಸಿಕೊಳ್ಳುವುದು

ಚಿಕಿತ್ಸೆಯ ತಿರುಳು ಇದು. ಹೆದರಿಸುವ ಅನುಭವವನ್ನು ಚಿಕಿತ್ಸಕಿಯ ಎದುರು, ಆಮೇಲೆ ಒಬ್ಬರೇ, ಬೇಕೆಂದೇ ಮೈಯಲ್ಲಿ ಎಬ್ಬಿಸಿ, ಅಡಗಿಸದೆ ಅದರೊಂದಿಗೆ ಇರುವುದು. ಹೃದ್ರೋಗ, ಅಪಸ್ಮಾರ, ಆಸ್ತಮಾ, ಗರ್ಭಾವಸ್ಥೆ, ಕತ್ತಿನ ಅಥವಾ ಬೆನ್ನಿನ ತೊಂದರೆ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ಇವನ್ನು ಮಾಡಬಾರದು.

ಮೊದಲು ಎಂಟು ಅಭ್ಯಾಸ ಮಾಡಿಸಿ, ಪ್ರತಿಯೊಂದಕ್ಕೂ ಎರಡು ಅಂಕ ಕೇಳಲಾಯಿತು: ಭಯ ಎಷ್ಟು, ನಿಜವಾದ ಅಟ್ಯಾಕ್‌ಗೆ ಹೋಲಿಕೆ ಎಷ್ಟು. ತಲೆಯನ್ನು ಅಕ್ಕಪಕ್ಕ 30 ಸೆಕೆಂಡ್ ಅಲ್ಲಾಡಿಸಿದ್ದಕ್ಕೆ ಭಯ 20. ಮೈಯೆಲ್ಲ ಒಂದು ನಿಮಿಷ ಬಿಗಿಹಿಡಿದದ್ದಕ್ಕೆ 10. ಉಸಿರು 30 ಸೆಕೆಂಡ್ ಹಿಡಿದದ್ದಕ್ಕೆ 35. ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ಸುತ್ತಿದ್ದಕ್ಕೆ 45. ತನ್ನ ಅಂಗೈಯನ್ನೇ ಮೂರು ನಿಮಿಷ ದಿಟ್ಟಿಸಿದಾಗ ‘ಕೈ ನನ್ನದಲ್ಲ’ ಎಂಬ ಹಳೆಯ ಅನುಭವ ಮರಳಿ 55. ನಿಂತಲ್ಲೇ ಒಂದು ನಿಮಿಷ ಓಡಿದ್ದಕ್ಕೆ 65. ಮೂಗು ಮುಚ್ಚಿ ತೆಳ್ಳನೆಯ ಸ್ಟ್ರಾದಿಂದ ಎರಡು ನಿಮಿಷ ಉಸಿರಾಡಿದ್ದಕ್ಕೆ 70. ಒಂದು ನಿಮಿಷದ ಜೋರುಸಿರು ಪೂರ್ತಿಯಾಗಲಿಲ್ಲ. 22ನೇ ಸೆಕೆಂಡಿಗೆ ಕೈ ಎತ್ತಿ ನಿಲ್ಲಿಸಿದರು. ಭಯ 90, ಹೋಲಿಕೆ 95.

ಹೋಲಿಕೆ ಕಡಿಮೆ ಇದ್ದವನ್ನು ಬಿಟ್ಟು ಓಟ, ಸ್ಟ್ರಾ, ಜೋರುಸಿರು, ಅಂಗೈ ಈ ನಾಲ್ಕನ್ನು ಇಟ್ಟುಕೊಳ್ಳಲಾಯಿತು. ಜೋರುಸಿರಿನ ಕ್ರಮ ಹೀಗೆ: ನಿಂತುಕೊಂಡು, ಬಾಯಿ ತೆರೆದು, ಎರಡು ಸೆಕೆಂಡಿಗೊಂದರಂತೆ ಪೂರ್ತಿ ಉಸಿರು ಎಳೆದು ಪೂರ್ತಿ ಬಿಡುವುದು, ಆ ವೇಗದಲ್ಲಿ 60 ಸೆಕೆಂಡ್. ಮೈ ಜುಮ್ಮೆಂದ ಮೇಲೂ ಇನ್ನೂ 20 ಸೆಕೆಂಡ್ ಮುಂದುವರಿಸುವುದು. ನಿಲ್ಲಿಸಿದ ಮೇಲೆ ಕೂರುವಂತಿಲ್ಲ, ಗೋಡೆ ಹಿಡಿಯುವಂತಿಲ್ಲ, ನಿಧಾನದ ಉಸಿರಿಗೆ ಇಳಿಯುವಂತಿಲ್ಲ. ಮೈಯಲ್ಲಿ ಏನಾಗುತ್ತಿದೆ ಎಂದು ಜೋರಾಗಿ ಹೇಳುತ್ತ ನಿಲ್ಲುವುದು. ಅನುಭವ ತಣಿದ ಮೇಲೆ ಮತ್ತೊಮ್ಮೆ. ಒಂದು ಸಲಕ್ಕೆ ಐದು ಸುತ್ತು, ದಿನವೂ.

ಪ್ರತಿ ಸುತ್ತಿಗೆ ಮುನ್ನ ಒಂದು ಚೀಟಿ: ಏನಾಗುತ್ತದೆ ಅನಿಸುತ್ತಿದೆ, ಅದು ನೂರಕ್ಕೆ ಎಷ್ಟು ಖಂಡಿತ. ಆರನೇ ವಾರದ ಮೊದಲ ಚೀಟಿಯಲ್ಲಿ ಹೀಗಿತ್ತು: ‘ಕೂರದಿದ್ದರೆ ಒಂದು ನಿಮಿಷದೊಳಗೆ ಬೀಳುತ್ತೇನೆ. ಖಂಡಿತ 80.’ ಅದರ ಕೆಳಗೆ, ಅಕ್ಷರ ಸ್ವಲ್ಪ ನಡುಗಿ: ‘ಬೀಳಲಿಲ್ಲ. ತುಟಿ ಜುಮ್, ಕಾಲು ಹತ್ತಿಯಂತೆ. ಎರಡು ನಿಮಿಷದಲ್ಲಿ ಇಳಿಯಿತು. ಉಸಿರಾಟ ಮಾಡಲಿಲ್ಲ.’ ಐದನೇ ಸುತ್ತಿನ ಚೀಟಿಯಲ್ಲಿ ‘ಖಂಡಿತ’ 80ರಿಂದ 25ಕ್ಕೆ ಬಂದಿತ್ತು. ಗಮನಿಸಬೇಕಾದದ್ದು: ಭಯದ ಅಂಕ 60ರಲ್ಲೇ ಇತ್ತು. ಭಯ ಇಳಿಯುವುದು ನಿಧಾನ. ಮೊದಲು ಸಡಿಲವಾಗಬೇಕಾದದ್ದು ‘ಬೀಳುತ್ತೇನೆ’ ಎಂಬ ನಂಬಿಕೆ. ಭಯ ಕಡಿಮೆಯಾಗಲಿಲ್ಲ ಎಂದು ಎರಡನೇ ದಿನಕ್ಕೇ ಕೈಬಿಡುವವರು ಬಹಳ, ಅವರಿಗೆ ಈ ವ್ಯತ್ಯಾಸ ಮೊದಲೇ ಹೇಳಿರಬೇಕು.

ಇದೇ ವಾರ ವಾಚ್ ಕಳಚಿದರು. ಅದು ಉಸಿರಾಟ ಬಿಡುವುದಕ್ಕಿಂತ ಕಷ್ಟವಾಯಿತು. ಒಮ್ಮೆಗೆ ಆಗದೆ, ಮೊದಲು ಎದೆಬಡಿತ ತೋರಿಸುವ ಪರದೆಯನ್ನು ಆಫ್ ಮಾಡಿ ಮೂರು ದಿನ, ಆಮೇಲೆ ಶಾಲೆಯ ಹೊತ್ತಿಗೆ ಮನೆಯಲ್ಲಿಟ್ಟು ಮೂರು ದಿನ, ನಂತರ ಪೂರ್ತಿ. ವಾಚ್ ಇಲ್ಲದ ಎರಡನೇ ದಿನ ಬೆರಳು ಕತ್ತಿನ ನಾಡಿ ಹುಡುಕಿಕೊಂಡು ಹೋಗುತ್ತಿದ್ದುದನ್ನು ಅವರೇ ಹಿಡಿದರು. ಊರುಗೋಲು ಒಂದನ್ನು ತೆಗೆದರೆ ಇನ್ನೊಂದು ಸದ್ದಿಲ್ಲದೆ ಬರುತ್ತದೆ, ಪ್ರತಿ ಭೇಟಿಯಲ್ಲೂ ಹುಡುಕಬೇಕು.

ಮೆಟ್ಟಿಲು, ಬಸ್ಸು, ಲಿಫ್ಟ್

ಏಳರಿಂದ ಹತ್ತನೇ ವಾರದವರೆಗೆ ಹೊರಗಿನ ಜಾಗಗಳು. ಮೂರನೇ ಮಹಡಿಯ ಮೆಟ್ಟಿಲನ್ನು ಮೊದಲು ಸಹಜ ನಡಿಗೆಯಲ್ಲಿ, ಆಮೇಲೆ ಬಿರುಸಾಗಿ, ಕೊನೆಗೆ ಹತ್ತಿದ ಕೂಡಲೇ ತರಗತಿಯಲ್ಲಿ ನಿಂತು ಪಾಠ ಶುರುಮಾಡುವುದು. ಬಸ್ಸಿನಲ್ಲಿ ಮೊದಲು ಎರಡು ನಿಲ್ದಾಣ, ಬಾಗಿಲ ಪಕ್ಕದ ಸೀಟು ಬಿಟ್ಟು. ಎಂಟನೇ ವಾರ ನಾಲ್ಕನೇ ನಿಲ್ದಾಣದಲ್ಲಿ ಭಯ 85 ತಲುಪಿದಾಗ ಇಳಿದುಬಿಟ್ಟರು. ಅಂದೇ, ಮನೆಗೆ ಹೋಗದೆ, ಮುಂದಿನ ಬಸ್ಸು ಹತ್ತಬೇಕೆಂಬ ಒಪ್ಪಂದ ಮೊದಲೇ ಇತ್ತು, ಹತ್ತಿದರು. ಇಳಿದದ್ದು ಸೋಲಲ್ಲ. ಇಳಿದು ಮನೆಗೆ ಹೋಗಿದ್ದರೆ ಮುಂದಿನ ವಾರ ಬಸ್ಸು ಇನ್ನಷ್ಟು ದೊಡ್ಡದಾಗುತ್ತಿತ್ತು.

ಲಿಫ್ಟ್‌ನಲ್ಲಿ ಎರಡನ್ನೂ ಸೇರಿಸಲಾಯಿತು: ಬಾಗಿಲು ಮುಚ್ಚಿದ ಮೇಲೆ 30 ಸೆಕೆಂಡ್ ಜೋರುಸಿರು. ಜಾಗದ ಭಯ ಮತ್ತು ಮೈಯ ಭಯ ಒಟ್ಟಿಗೆ ಬಂದಾಗಲೂ ಏನೂ ಆಗುವುದಿಲ್ಲ ಎಂಬ ಕಲಿಕೆ ಬಿಡಿಬಿಡಿಯಾದದ್ದಕ್ಕಿಂತ ಗಟ್ಟಿ. ದಿನ, ಹೊತ್ತು, ಜಾಗ ಬದಲಿಸುತ್ತ ಹೋಗುವುದೂ ಇದಕ್ಕೇ. ಒಂದೇ ಲಿಫ್ಟ್‌ನಲ್ಲಿ ಐವತ್ತು ಸಲ ಹೋದವರು ಹೊಸ ಲಿಫ್ಟ್ ಕಂಡರೆ ಮತ್ತೆ ಹಿಂದೆ ಸರಿಯುತ್ತಾರೆ. ಹತ್ತನೇ ವಾರ ಆಲ್ಪ್ರಜೋಲಾಂ ಸ್ಟ್ರಿಪ್ ಮನೆಯಲ್ಲೇ ಉಳಿಯಿತು. ಅವರು ಅದನ್ನು ನುಂಗುತ್ತಿರಲಿಲ್ಲವಾದ್ದರಿಂದ ಇಳಿಸುವ ಪ್ರಶ್ನೆಯಿರಲಿಲ್ಲ.

ಇದರ ಜೊತೆಗೆ ವಾರಕ್ಕೆ ಮೂರು ದಿನ ಬಿರುಸಿನ ನಡಿಗೆ ಮತ್ತು ನಿಧಾನದ ಓಟ, 10 ನಿಮಿಷದಿಂದ ಶುರುವಾಗಿ 30ಕ್ಕೆ. ಜರ್ಮನಿಯಲ್ಲಿ ಬ್ರೂಕ್ಸ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಹತ್ತು ವಾರದ ಅಧ್ಯಯನದಲ್ಲಿ ಓಟ ಸುಳ್ಳುಮಾತ್ರೆಗಿಂತ ಮೇಲೆ, ಆದರೆ ಕ್ಲೋಮಿಪ್ರಮಿನ್ ಔಷಧಿಗಿಂತ ನಿಧಾನ ಎಂದು ಕಂಡಿತು. ವ್ಯಾಯಾಮವೊಂದನ್ನೇ ನಂಬಿ ಕೂರುವಂತಿಲ್ಲ. ಆದರೆ ಬೆವರು, ಏದುಸಿರು, ಎದೆಬಡಿತ ಇವೆಲ್ಲ ಅಪಾಯದ ಗುರುತಲ್ಲ ಎಂದು ವಾರಕ್ಕೆ ಮೂರು ಸಲ ಮೈಗೆ ನೆನಪಿಸುವ ಅಭ್ಯಾಸವಾಗಿ ಅದಕ್ಕೆ ದೊಡ್ಡ ಬೆಲೆಯಿದೆ.

ಮನೆಯವರ ಪಾತ್ರ

ಗಂಡ ಒಳ್ಳೆಯವರು, ಅದೇ ತೊಡಕಾಗಿತ್ತು. ದಿನಕ್ಕೆ ಹತ್ತಾರು ಸಲ ‘ನನಗೇನೂ ಆಗಲ್ಲ ಅಲ್ವಾ?’ ಎಂಬ ಪ್ರಶ್ನೆ, ಹತ್ತಾರು ಸಲ ‘ಏನೂ ಆಗಲ್ಲ, ನಾನಿದ್ದೀನಲ್ಲ’ ಎಂಬ ಉತ್ತರ. ಉತ್ತರದ ನೆಮ್ಮದಿ ಹೆಚ್ಚೆಂದರೆ ಅರ್ಧ ಗಂಟೆ. ಒಂದು ಭೇಟಿಗೆ ಅವರನ್ನೂ ಕರೆದು, ಇಬ್ಬರ ಒಪ್ಪಿಗೆಯಿಂದ ಉತ್ತರ ಬದಲಿಸಲಾಯಿತು: ‘ಇದು ಆ ಪ್ರಶ್ನೆ ಅಲ್ವಾ? ಉತ್ತರ ನಿನಗೇ ಗೊತ್ತು. ಮುಗಿಯೋವರೆಗೆ ಪಕ್ಕದಲ್ಲಿ ಕೂತಿರ್ತೀನಿ.’ ದನಿಯಲ್ಲಿ ಪ್ರೀತಿ ಇರಬೇಕು, ಭರವಸೆಯ ಮಾತು ಇರಬಾರದು. ಒಪ್ಪಂದವಿಲ್ಲದೆ ಮನೆಯವರು ಒಮ್ಮೆಲೇ ಉತ್ತರ ಕೊಡುವುದು ನಿಲ್ಲಿಸಿದರೆ ಅದು ಕಾಳಜಿಯಾಗಿ ಕಾಣದೆ ಕ್ರೌರ್ಯವಾಗಿ ಕಾಣುತ್ತದೆ.

ಆಮೇಲೆ

12ನೇ ವಾರಕ್ಕೆ ಅಂಕ 5. ಹಿಂದಿನ ನಾಲ್ಕು ವಾರದಲ್ಲಿ ಪೂರ್ತಿ ಅಟ್ಯಾಕ್ ಒಂದು, ಅದೂ ಎಂಟು ನಿಮಿಷ, ತರಗತಿಯಲ್ಲೇ, ಪಾಠ ನಿಲ್ಲಲಿಲ್ಲ. ಕೊನೆಯ ಭೇಟಿಯಲ್ಲಿ ಅವರ ಕೈಬರಹದಲ್ಲೇ ಒಂದು ಹಾಳೆ ತಯಾರಾಯಿತು: ಅಟ್ಯಾಕ್ ಮತ್ತೆ ಬರಬಹುದಾದ ಸಂದರ್ಭಗಳು (ನಿದ್ದೆಗೆಟ್ಟ ವಾರ, ಜ್ವರ, ಪರೀಕ್ಷೆಯ ತಿಂಗಳು), ಮತ್ತೆ ತಪ್ಪಿಸಿಕೊಳ್ಳಲು ಶುರುಮಾಡಿದರೆ ಗೊತ್ತಾಗುವ ಮೊದಲ ಗುರುತು (ನಾಡಿ ಹಿಡಿಯುವುದು), ಆಗ ಮಾಡಬೇಕಾದದ್ದು (ಜೋರುಸಿರು ಐದು ಸುತ್ತು, ಎರಡು ವಾರ), ಮತ್ತು ಎರಡು ವಾರಕ್ಕೂ ತಹಬಂದಿಗೆ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬುದು.

ಐದನೇ ತಿಂಗಳಲ್ಲಿ ಆ ಹಾಳೆ ಬೇಕಾಯಿತು. ವೈರಲ್ ಜ್ವರದ ಮೂರನೇ ದಿನ, ಮಲಗಿದ್ದಾಗಲೇ ಎದೆಬಡಿತ ಏರಿ, ನಡುರಾತ್ರಿ ಎಚ್ಚರವಾಗಿ ಅಟ್ಯಾಕ್ ಬಂತು. ಮಾರನೇ ದಿನ ವಾಚ್ ಮತ್ತೆ ಕೈಗೆ ಬಂತು, ಅಂಕ 9ಕ್ಕೆ ಏರಿತು. ಜ್ವರ ಇಳಿದ ಮೇಲೆ, ಫೋನ್ ಮಾಡುವ ಮುನ್ನವೇ, ಹಾಳೆ ತೆಗೆದು ಜೋರುಸಿರು ಶುರುಮಾಡಿದ್ದರು. ಆರನೇ ತಿಂಗಳ ಭೇಟಿಗೆ ಅಂಕ 4. ಚೀಟಿಗಳ ಕಟ್ಟನ್ನೂ ತಂದಿದ್ದರು. ಕೊನೆಯ ಚೀಟಿಯಲ್ಲಿ ‘ಖಂಡಿತ’ ಎಂಬುದರ ಮುಂದೆ ಅಂಕವೇ ಇರಲಿಲ್ಲ, ಯಾಕೆ ಬರೆಯಲಿಲ್ಲ ಎಂದು ಕೇಳಿದಾಗ ‘ಏನಾಗುತ್ತೆ ಅಂತ ಬರೀಬೇಕೋ ಗೊತ್ತಾಗಲಿಲ್ಲ’ ಎಂದರು. ವಾಚ್ ಮೇಜಿನ ಡ್ರಾಯರಿನಲ್ಲಿದೆ, ಚಾರ್ಜ್ ಇಲ್ಲದೆ. ಮೂರನೇ ಮಹಡಿಯ ತರಗತಿ ಅವರಿಗೇ ಮರಳಿದೆ. ಲಿಫ್ಟ್ ಕೆಟ್ಟು ನಡುವೆ ನಿಂತರೆ ಎಂಬ ಭಯ ಮಾತ್ರ ಇನ್ನೂ 30ರಷ್ಟಿದೆ.